ನೀನು ಪಟ್ಟಿ ಕೇಳಿದ್ದೆ, ಜಗಳವನ್ನೂ ಸೇರಿಸಿ ಕಳಿಸುತ್ತಿದ್ದೇನೆ

ದೋಸ್ತಾ,

ನಿಮ್ಮ ಓದುವ ಬಳಗದವರು ಯಾವ ಯಾವ ಪುಸ್ತಕ ಓದಿ ಅಂತಾರೆ, ಒಂದು ಪಟ್ಟಿ ಕಳಿಸು ಅಂತ ನೀನು ಅಂದಿದ್ದೆ. ಸುಮ್ನೆ ಹೆಸರು ಬರೆದು ಕಳಿಸಿದರೆ ನೀನು ಓದುವ ಪೈಕಿ ಅಲ್ಲ, ನನಗೆ ಗೊತ್ತು. ಯಾರು ಹೇಳಿದರು, ಯಾಕೆ ಹೇಳಿದರು ಅನ್ನೋದನ್ನೂ ಬರೆಯುತ್ತೇನೆ. ನಮ್ಮಲ್ಲಿ ಒಂದೇ ಕಟ್ಟುನಿಟ್ಟು: ಪುಸ್ತಕ ಓದಿ ಅನ್ನುವವರು ಅದರ ಒಂದು ಪುಟವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಎಷ್ಟೋ ಪುಸ್ತಕಗಳು ಅಲ್ಲೇ ಬಿದ್ದುಹೋಗುತ್ತವೆ.

ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಗೀತಾ ನಾಗಭೂಷಣ ಅವರ ‘ಬದುಕು’ ತಂದಿದ್ದರು. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ, ಬರೆದವರು ನಮ್ಮೂರು ಕಲಬುರಗಿಯವರು. ಆದರೂ ನಮ್ಮಲ್ಲಿ ಓದಿದ್ದವರು ಅವರೊಬ್ಬರೇ. ಅಕ್ಕ ಒಂದು ಮಾತುಕತೆಯ ಪುಟ ಓದುತ್ತಿದ್ದಂತೆ ಬಟ್ಟೆ ಅಂಗಡಿ ಕಾಕಾ ನಗೋಕೆ ಶುರು ಮಾಡಿದರು. “ನಮ್ಮವ್ವ ಹಿಂಗೇ ಬೈತಿದ್ಳು ನೋಡ್ರಿ” ಅಂದವರು, ಪುಸ್ತಕ ಕೈಗೆ ತಗೊಂಡು ಮುಂದಿನ ಪುಟ ತಾವೇ ಓದಿದರು. ನಾನು ಆವತ್ತೇ ಒಂದು ಪ್ರತಿ ಹುಡುಕಿದೆ. ದಪ್ಪ ಇದೆ, ಹೆದರಬೇಡ.

ಜೋರು ಜಗಳ ಆಗಿದ್ದು ಸುರಪುರದ ಸರ್ ಹೇಳಿದ ಪುಸ್ತಕಕ್ಕೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಆತ್ಮಕಥೆ, ಇಂಗ್ಲಿಷಿನದು. ಅವನು ಸತ್ತ ಮೇಲೆ, 1877ರಲ್ಲಿ ಅಚ್ಚಾದದ್ದು. ಸುರಪುರದ ರಾಜ ವೆಂಕಟಪ್ಪ ನಾಯಕ ಇನ್ನೂ ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಇದೇ ಟೇಲರ್. ಅವನಿದ್ದ ಬಂಗಲೆಯನ್ನು ಈಗಲೂ ಟೇಲರ್ ಮಂಜಿಲ್ ಅಂತಲೇ ಕರೆಯುತ್ತಾರೆ. ಮುಂದೆ ಆ ಹುಡುಗ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ, ಸೆರೆ ಸಿಕ್ಕ, ಅದೇ ವರ್ಷ ತೀರಿಕೊಂಡ. ತನ್ನ ಗುಂಡಿಗೆ ತಾನೇ ಬಲಿಯಾದ ಅಂತ ಟೇಲರ್ ಬರೆದಿದ್ದಾನೆ. ಇಲ್ಲಿಗೆ ಬಂದಾಗ ಎಂ.ಎ. ಓದುವ ಹುಡುಗಿ ತಡೆಯಲಿಲ್ಲ. “ಬರೆದವನು ಸಾಹೇಬ. ಅವನ ಮಾತನ್ನೇ ನಂಬಬೇಕಾ?” ಅಂದಳು. ಸರ್ ಸಿಟ್ಟಾಗಲಿಲ್ಲ. “ನಂಬು ಅಂದೆನೇನವಾ? ಮೊದಲ ಓದು, ಆಮ್ಯಾಲ ಜಗಳಾ ತೆಗಿ” ಅಂದರು. ನನಗೂ ಅವಳ ಅನುಮಾನವೇ ಇದೆ. ಹುಡುಗನ ಮೇಲೆ ಟೇಲರ್‌ಗೆ ನಿಜಕ್ಕೂ ಅಕ್ಕರೆ ಇತ್ತು ಅನ್ನಿಸುತ್ತದೆ, ಆದರೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳೋದು ಸ್ವಲ್ಪ ಜಾಸ್ತಿ. ಹಾಗಿದ್ದರೂ ಓದು. ಯಾದಗಿರಿ ಕಡೆಯ ಊರುಗಳ ಹೆಸರು ಬಂದಾಗ ಬಿಡೋಕೆ ಮನಸ್ಸಾಗುವುದಿಲ್ಲ.

ಹಾಸನದ ಬಾನು ಮುಷ್ತಾಕ್ ಅವರ ಕಥೆಗಳನ್ನು 2025ರ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಕೊಂಡರು, ಓದಿದವರು ಕಡಿಮೆ. ನರ್ಸ್ ಆಂಟಿ ಮಾತ್ರ ಪೂರ್ತಿ ಓದಿದ್ದಾರೆ. ಮನೆಯಲ್ಲಿ ಉರ್ದು ಮಾತಾಡುವವರು, ಕನ್ನಡ ನಿಧಾನಕ್ಕೆ ಓದುತ್ತಾರೆ. ಅವತ್ತು ಒಂದು ಪುಟ ಓದಿ ಮುಗಿಸಿ, ಹಾಸನ ದೂರ ಇರಬಹುದು, ಅತ್ತೆ ಮನೆಯೇನು ದೂರ ಇಲ್ಲ ಅಂದರು. ಯಾರೂ ಎದುರು ಮಾತಾಡಲಿಲ್ಲ.

ತೇಜಸ್ವಿಯವರ ‘ಕರ್ವಾಲೋ’ ಬಗ್ಗೆ ನಿನಗೆ ಹೊಸದಾಗಿ ಹೇಳಬೇಕಾ? ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ನಾವು ಮಲೆನಾಡಿನ ಹಾರುವ ಓತಿ ಹುಡುಕುತ್ತಿದ್ದೆವು, ಅಷ್ಟೇ. ಇನ್ನೊಬ್ಬ ಹುಡುಗ ಪ್ರತಿ ಸಲ ಬೇಗ ಶ್ರೀಮಂತರಾಗುವ ಪುಸ್ತಕವನ್ನೇ ತರುತ್ತಾನೆ. ಮೊದಲು ನೀನಾಗು, ನೋಡಿ ಓದುತ್ತೇವೆ ಅಂದಿದ್ದೇವೆ.

‘ಕವಿರಾಜಮಾರ್ಗ’ ಇನ್ನೂ ಬಾಕಿ. ಅದು ಹುಟ್ಟಿದ್ದು ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ. ಸೇಡಂ ಬಸ್ಸು ಹತ್ತಿದರೆ ಸಿಗುವ ಊರು, ನಮಗೆ ಇನ್ನೂ ಪುಸ್ತಕ ಬಿಚ್ಚೋಕೆ ಧೈರ್ಯ ಬಂದಿಲ್ಲ. ಅರ್ಥ ಸಮೇತ ಇರುವ ಪ್ರತಿ ಹಿಡಿದು, ಕಾಗಿಣಾ ದಂಡೆಯ ಕೋಟೆಯಲ್ಲೇ ಕೂತು ನಾಲ್ಕು ಪದ್ಯ ಓದೋಣ ಅಂತ ಸರ್ ಹಟ ಹಿಡಿದಿದ್ದಾರೆ. ಬಿಸಿಲು ಇಳಿಯಲಿ ಅಂತ ಕಾಯುತ್ತಿದ್ದೇವೆ.

ನನ್ನ ‘ಬದುಕು’ ಪ್ರತಿಯನ್ನು ನಿನ್ನ ತಂಗಿ ಬೆಂಗಳೂರಿಗೆ ಹೊರಟಾಗ ಕೊಟ್ಟು ಕಳಿಸುತ್ತೇನೆ. ಪೆನ್ಸಿಲ್ ಗೆರೆ ಎಳೆದಿದ್ದೇನೆ, ಬೈಬೇಡ. ದೀಪಾವಳಿಗೆ ಊರಿಗೆ ಬಂದರೆ ನೀನೂ ಒಂದು ಪುಸ್ತಕ ತರಬೇಕು, ಒಂದು ಪುಟ ಓದಬೇಕು. ಯಾವುದು ಅಂತ ಮೊದಲೇ ತಿಳಿಸು, ಕಾಕಾ ಕೇಳುತ್ತಿದ್ದಾರೆ.

ನಿನ್ನ ದೋಸ್ತ