ಕಾರಿನ ದುಡ್ಡು ಕಳಿಸಬೇಡಿ

ಔಲು, ಫಿನ್ಲೆಂಡ್
ಡಿಸೆಂಬರ್ 14

ಅಪ್ಪನಿಗೆ ನಮಸ್ಕಾರ. ನಾನು ಕ್ಷೇಮ. ಅಡಿಕೆ ಸುಲಿಯುವುದು ಮುಗಿಯಿತಾ?

ನಿಮ್ಮ ಪತ್ರ ಓದಿದೆ. ಹಿಮದಲ್ಲಿ ಸೈಕಲ್ ಬೇಡ, ದುಡ್ಡು ಕಳಿಸುತ್ತೇನೆ, ಹಳೇ ಕಾರಾದರೂ ತಗೋ ಅಂದಿದ್ದೀರಿ. ದಯವಿಟ್ಟು ಕಳಿಸಬೇಡಿ. ಇಲ್ಲಿ ಶಾಲೆ ಮಕ್ಕಳು, ಅಜ್ಜಿಯರು, ಪ್ರೊಫೆಸರುಗಳು ಎಲ್ಲರೂ ಚಳಿಗಾಲದಲ್ಲೂ ಸೈಕಲ್ ತುಳಿಯುತ್ತಾರೆ. ಸೈಕಲ್ಲಿಗೇ ಬೇರೆ ದಾರಿ ಇದೆ. ಹಿಮ ಬಿದ್ದರೆ ಅದನ್ನು ಬಳಿದು ಸಣ್ಣ ಜಲ್ಲಿ ಹಾಕುತ್ತಾರೆ. ಚಳಿಗಾಲದ ಸೈಕಲ್ ಬಗ್ಗೆ 2013ರಲ್ಲಿ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದೇ ಈ ಊರಲ್ಲಿ, ಗೊತ್ತಾ!

ಸೈಕಲ್ ಸೆಕೆಂಡ್ ಹ್ಯಾಂಡ್, ಆದರೆ ನೋಡಿಯೇ ತಗೊಂಡೆ. ಗೇರು ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಇದೆ, ಹಿಮ ಮೆತ್ತಿಕೊಳ್ಳುವುದಿಲ್ಲ. ಪೆಡಲ್ ಹಿಂದಕ್ಕೆ ತುಳಿದರೆ ಹಿಂದಿನ ಬ್ರೇಕ್ ಬೀಳುತ್ತದೆ. ಎರಡೂ ಟಯರಿನಲ್ಲಿ ಲೋಹದ ಸಣ್ಣ ಮೊಳೆಗಳಿವೆ. ನಮ್ಮಲ್ಲಿ ಮೊಳೆ ಅಂದರೆ ಪಂಕ್ಚರ್, ಅಲ್ವಾ? ಇಲ್ಲಿ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುವುದೇ ಅದು. ಮುಂದಿನ ಚಕ್ರಕ್ಕಂತೂ ಬೇಕೇ ಬೇಕು. ಅದು ಜಾರಿದರೆ ಸಾವರಿಸಿಕೊಳ್ಳುವುದು ಕಷ್ಟ.

ಚೈನ್ ಒರೆಸಿ ವಾರಕ್ಕೊಮ್ಮೆ ಎಣ್ಣೆ ಬಿಡುತ್ತೇನೆ, ಮಳೆಗಾಲದಲ್ಲಿ ನೀವು ಮಾಡುತ್ತಿದ್ದ ಹಾಗೆಯೇ. ಬೀಗದ ತೂತಿಗೂ ಎರಡು ಹನಿ. ಆದರೆ ನೀವು ರಾತ್ರಿ ಸೈಕಲ್ಲನ್ನು ಜಗಲಿಗೆ ಹತ್ತಿಸುತ್ತಿದ್ದಿರಿ. ಇಲ್ಲಿ ಬೆಚ್ಚಗಿನ ಮನೆಯೊಳಗೆ ತರಬಾರದು. ಹಿಮ ಕರಗಿ ನೀರು ಕೇಬಲ್ ಒಳಗೆ ಇಳಿಯುತ್ತದೆ, ಹೊರಗೆ ಹೋದ ಮೇಲೆ ಹೆಪ್ಪುಗಟ್ಟುತ್ತದೆ. ನವೆಂಬರಿನಲ್ಲಿ ಒಂದ್ಸಲ ಹೀಗೇ ಮುಂದಿನ ಬ್ರೇಕ್ ಬಿಗಿದುಕೊಂಡಿತ್ತು. ಹತ್ತುವ ಮೊದಲೇ ನೋಡಿದೆ, ಏನೂ ಆಗಲಿಲ್ಲ. ಅಮ್ಮನಿಗೆ ಹೇಳಬೇಡಿ. ಈಗ ಹೊರಗಿನ ಶೆಡ್ಡಿನಲ್ಲೇ ಇಡುತ್ತೇನೆ.

ಮಧ್ಯಾಹ್ನ ಎರಡಕ್ಕೇ ಸೂರ್ಯ ಮುಳುಗುತ್ತಾನೆ. ಹಿಂದೆ ಮುಂದೆ ಲೈಟ್ ಹಾಕಿಕೊಂಡೇ ಹೊರಡುತ್ತೇನೆ. ನೀವು ಮಾತ್ರ ಪೊರೆ ಬಂದ ಕಣ್ಣಲ್ಲಿ, ಕತ್ತಲಾದ ಮೇಲೆ, ಸೊಸೈಟಿಯಿಂದ ಸೈಕಲ್ ತುಳಿದುಕೊಂಡು ಬರುತ್ತೀರಂತೆ. ಮೋರಿ ಹತ್ತಿರ ಬಿದ್ದದ್ದನ್ನೂ ಪುಟ್ಟಿ ಹೇಳಿದಳು. ಫೋನಿನಲ್ಲೇ ಅತ್ತುಬಿಟ್ಟಳು. ಆಪರೇಷನ್ ಮುಂದಕ್ಕೆ ಹಾಕಿದ್ದು ನನ್ನ ಕಾರಿಗಾಗಿ ಅಂತ ತಿಳಿದ ಮೇಲೆ ನನಗೆ ಊಟ ಸೇರುತ್ತಿಲ್ಲ ಅಪ್ಪ. ಪೊರೆ ತೆಗೆದು ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲು ಮಾವ ಒಪ್ಪಿದ್ದಾರೆ. ಸಂಕ್ರಾಂತಿಯೊಳಗೆ ಮಾಡಿಸಿ. ಅಲ್ಲಿವರೆಗೆ ಸಂಜೆ ಸೈಕಲ್ ಮುಟ್ಟಬೇಡಿ.

ನನಗೆ ಏನೇನೂ ತೊಂದರೆ ಇಲ್ಲ. ಹೆಲ್ಮೆಟ್, ಉಣ್ಣೆ ಟೋಪಿ, ಎರಡು ಜೊತೆ ಕೈಗವಸು, ಎಲ್ಲಾ ಇದೆ. ನಿಜವಾಗಲೂ ಇದೆ. ಕ್ಲಾಸಿಗೆ ಹೊತ್ತಾಯಿತು. ಆಪರೇಷನ್ ದಿನ ಗೊತ್ತಾದ ಕೂಡಲೇ ಪುಟ್ಟಿ ಕೈಲಿ ಮೆಸೇಜ್ ಮಾಡಿಸಿ.

ನಿಮ್ಮ
ರಘು