ಬಾಸ್ಟನ್ ಪ್ರವಾಸ: ಮಕ್ಕಳೊಂದಿಗೆ ಬರುವ ಕುಟುಂಬಗಳ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ.

ಜೂನ್ ತಿಂಗಳ ಬಾಸ್ಟನ್ ಪ್ರವಾಸಕ್ಕೆ ಹೆಸರು ಕೊಟ್ಟಿರುವ ಕುಟುಂಬಗಳು ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ.

ಬಾಸ್ಟನ್ ಕಾಮನ್ ಉದ್ಯಾನದಿಂದ ಹೊರಟು ಚಾರ್ಲ್ಸ್‌ಟೌನ್‌ನ ಬಂಕರ್ ಹಿಲ್ ಸ್ಮಾರಕದವರೆಗೆ ಸಾಗುವ ಫ್ರೀಡಂ ಟ್ರೇಲ್ ಎಂಬ ನಡಿಗೆಯ ಹಾದಿ ಸುಮಾರು 4 ಕಿಲೋಮೀಟರ್ ಉದ್ದವಿದ್ದು, ನೆಲದ ಮೇಲಿನ ಕೆಂಪು ಗೆರೆಯೊಂದು 16 ಐತಿಹಾಸಿಕ ಸ್ಥಳಗಳನ್ನು ಬೆಸೆಯುತ್ತದೆ. ಆ ಗೆರೆಯನ್ನು ಹಿಡಿದು ನಡೆಯುವುದೇ ಮಕ್ಕಳಿಗೆ ಆಟವಾಗುತ್ತದೆಯಾದರೂ, ಎಲ್ಲವನ್ನೂ ಒಂದೇ ದಿನ ನೋಡಲು ಹೊರಟರೆ ಐದಾರು ವರ್ಷದವರು ಬಳಲಿಬಿಡುತ್ತಾರೆ. ಆದ್ದರಿಂದ ನಡಿಗೆಯನ್ನು ಎರಡು ದಿನಗಳಿಗೆ ಹಂಚಿದ್ದೇನೆ.

ಮೊದಲ ದಿನ ಓಲ್ಡ್ ಸ್ಟೇಟ್ ಹೌಸ್‌ನ ಮುಂದೆ, 1770ರಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ನಾಗರಿಕರು ಬಲಿಯಾದುದನ್ನು ಗುರುತಿಸುವ ಕಲ್ಲಿನ ವೃತ್ತದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. 1776ರ ಜುಲೈ 18ರಂದು ಸ್ವಾತಂತ್ರ್ಯ ಘೋಷಣೆಯನ್ನು ಜನರಿಗೆ ಓದಿ ಹೇಳಿದ್ದು ಅದೇ ಕಟ್ಟಡದ ಬಾಲ್ಕನಿಯಿಂದ. ಇದನ್ನು ದೊಡ್ಡ ಮಕ್ಕಳಿಗೆ ಮೊದಲೇ ಕಥೆಯಾಗಿ ಹೇಳಿಟ್ಟರೆ ಅಲ್ಲಿ ನಿಂತಾಗ ಅದು ಮನಸ್ಸಿಗೆ ನಾಟುತ್ತದೆ. ಮಧ್ಯಾಹ್ನದ ಊಟ ಕ್ವಿನ್ಸಿ ಮಾರ್ಕೆಟ್‌ನಲ್ಲಿ. ಸಂಜೆ ಪಬ್ಲಿಕ್ ಗಾರ್ಡನ್‌ನಲ್ಲಿ 1877ರಿಂದ ನಡೆದುಬಂದಿರುವ ಹಂಸದೋಣಿಗಳ ವಿಹಾರವಿದೆ.

ಎರಡನೆಯ ದಿನ 1797ರಲ್ಲಿ ನೀರಿಗಿಳಿದ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಹಡಗನ್ನು ನೋಡಲಿದ್ದೇವೆ; ದೊಡ್ಡವರೆಲ್ಲರೂ ಭಾವಚಿತ್ರವಿರುವ ಗುರುತಿನ ಚೀಟಿಯನ್ನು ತಪ್ಪದೆ ತರಬೇಕು. ಬಂಕರ್ ಹಿಲ್ ಸ್ಮಾರಕಕ್ಕೆ 294 ಮೆಟ್ಟಿಲುಗಳಿದ್ದು ಲಿಫ್ಟ್ ಇಲ್ಲವಾದ್ದರಿಂದ, ಅಜ್ಜ ಅಜ್ಜಿಯರೂ ಚಿಕ್ಕ ಮಕ್ಕಳೂ ಕೆಳಗಿನ ಹುಲ್ಲುಹಾಸಿನಲ್ಲಿ ವಿಶ್ರಮಿಸುವುದು ಒಳ್ಳೆಯದು.

ನಗರದೊಳಗೆ ಕಾರಿಗಿಂತ ಮೆಟ್ರೋ ರೈಲೇ ಅನುಕೂಲ. ಮಕ್ಕಳ ವಯಸ್ಸನ್ನೂ ಆಹಾರದ ನಿಯಮಗಳನ್ನೂ ಭಾನುವಾರದೊಳಗೆ ಇಲ್ಲಿಯೇ ತಿಳಿಸಿ.