‘ಅಕ್ಕೋರೆ, ನಮ್ಮ ಅಜ್ಜಂದಿರು ಹತ್ತಿ ಬಿಡಿಸ್ತಿದ್ರಾ?’: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ನಾನು ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದೆ. ಈಗ ಶನಿವಾರ ಮಧ್ಯಾಹ್ನ ಊರಿನ ಗ್ರಂಥಾಲಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕತೆ ಓದುತ್ತೇನೆ. ಹದಿನೈದು ಇಪ್ಪತ್ತು ಮಕ್ಕಳು ಬರುತ್ತಾರೆ. ಅವರಲ್ಲಿ ಅರ್ಧಕ್ಕರ್ಧ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮನೆಗಳ ಮಕ್ಕಳು.

ಹೋದ ಮಳೆಗಾಲದಲ್ಲಿ ಹೊಸ ಪುಸ್ತಕಗಳ ಕಟ್ಟಿನಲ್ಲಿ ಒಂದು ಮಕ್ಕಳ ಕಾದಂಬರಿ ಬಂತು. 1590ರ ಸುಮಾರಿಗೆ ಆಫ್ರಿಕಾದಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ತಂದ ಹುಡುಗನೊಬ್ಬನ ಕತೆ. ಸಿದ್ದಿಗಳ ಹಿರಿಯರ ಬಗ್ಗೆ ಕನ್ನಡದಲ್ಲಿ ಮಕ್ಕಳಿಗೆಂದೇ ಬರೆದ ಕಾದಂಬರಿ ನನ್ನ ಕೈಗೆ ಸಿಕ್ಕಿದ್ದು ಅದೇ ಮೊದಲು. ಎಷ್ಟು ಖುಷಿಯಾಯಿತೆಂದರೆ, ಮೊದಲು ನಾನೊಬ್ಬಳೇ ಓದಿ ನೋಡುವ ತಾಳ್ಮೆಯೂ ಇರಲಿಲ್ಲ. ನೇರ ಮಕ್ಕಳ ಮುಂದೆಯೇ ಬಿಚ್ಚಿದೆ.

ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ನನ್ನ ದನಿ ನಿಧಾನವಾಯಿತು. ಹುಡುಗನನ್ನು ಗೋವಾದ ಆಚೆಗಿನ ದೊಡ್ಡ ಹತ್ತಿ ಹೊಲಕ್ಕೆ ಕರೆದೊಯ್ಯುತ್ತಾರೆ. ಸಾಲಾಗಿ ನಿಂತ ನೂರಾರು ಗುಲಾಮರು ಹತ್ತಿ ಬಿಡಿಸುತ್ತಿದ್ದಾರೆ. ಕುದುರೆ ಮೇಲೆ ಕೂತವನ ಕೈಯಲ್ಲಿ ಚಾವಟಿ. ಓದಿ ನಿಲ್ಲಿಸಿದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: ‘ಅಕ್ಕೋರೆ, ನಮ್ಮ ಅಜ್ಜಂದಿರು ಹತ್ತಿ ಬಿಡಿಸ್ತಿದ್ರಾ?’

ಇಲ್ಲ ಮಗಾ, ಅಂದೆ.

‘ಮತ್ತೆ ಪುಸ್ತಕದಾಗೆ ಬರ್ದಾರಲ್ಲ?’

ಆ ಪ್ರಶ್ನೆ ನಿಮಗೂ ಕೇಳಿಸಲಿ ಅಂತಲೇ ಈ ಪತ್ರ ಬರೆಯುತ್ತಿದ್ದೇನೆ.

ಗೋವಾದ ಮಳೆ ನಿಮಗೂ ಗೊತ್ತು. ಭತ್ತ, ತೆಂಗಿನ ನೆಲ ಅದು. ಅಲ್ಲಿ ಹತ್ತಿಯ ತೋಟಗಳಿರಲಿಲ್ಲ. ಆ ದೃಶ್ಯ ಬಂದಿದ್ದು ಅಮೆರಿಕದ ದಕ್ಷಿಣ ರಾಜ್ಯಗಳಿಂದ. ಸಿನಿಮಾದಲ್ಲಿ ನೋಡಿದ್ದನ್ನು ಎತ್ತಿ ತಂದು ಮಾಂಡವಿ ನದಿಯ ದಡದಲ್ಲಿ ಇಟ್ಟಂತಿದೆ. ಹಾಗಾದರೆ ಗೋವಾದಲ್ಲಿ ಏನಿತ್ತು? ಹುಡುಕಿದರೆ ಸಿಗುತ್ತದೆ. ಲಿನ್ಸ್‌ಹೋಟನ್ ಎಂಬ ಡಚ್ಚರವನು 1583ರಿಂದ ಕೆಲವು ವರ್ಷ ಗೋವಾದ ಆರ್ಚ್‌ಬಿಷಪ್ಪರ ಹತ್ತಿರ ಕೆಲಸಕ್ಕಿದ್ದ. ಅವನ ಪುಸ್ತಕ 1596ರಲ್ಲಿ ಅಚ್ಚಾಯಿತು. ಗೋವಾದ ದೊಡ್ಡ ಬೀದಿಯಲ್ಲಿ ಬೆಳಿಗ್ಗೆ ಹೊತ್ತು ಸಂತೆಯಂತೆ ಜನ ಸೇರುತ್ತಿದ್ದುದನ್ನು ಅದರಲ್ಲಿ ಬರೆದಿದ್ದಾನೆ. ಅಲ್ಲಿ ಕುದುರೆ, ಬಟ್ಟೆ, ಒಡವೆಗಳ ಜೊತೆಯಲ್ಲೇ ಮನುಷ್ಯರನ್ನೂ ಕೂಗಿ ಮಾರುತ್ತಿದ್ದರು. ಕೊಂಡವರ ಮನೆಯಲ್ಲಿ ಈ ಗುಲಾಮರು ಪಲ್ಲಕ್ಕಿ ಹೊರುತ್ತಿದ್ದರು. ಯಜಮಾನ ಹೊರಟರೆ ತಲೆ ಮೇಲೆ ಕೊಡೆ ಹಿಡಿಯುತ್ತಿದ್ದರು. ಕೊಡದಲ್ಲಿ ನೀರು ಹೊತ್ತು, ಸಿಹಿ ತಿಂಡಿ ಹೊತ್ತು ಬೀದಿಯಲ್ಲಿ ಮಾರಿ, ಬಂದ ದುಡ್ಡನ್ನು ಮನೆಯೊಡತಿಯ ಕೈಗೆ ಒಪ್ಪಿಸುತ್ತಿದ್ದರು.

ಹೀಗೆ ಹರಾಜು ಕೂಗಿ ಮಾರುವುದಕ್ಕೆ ಪೋರ್ಚುಗೀಸರ ಮಾತು ‘ಲೈಲಾವ್’. ನಮ್ಮ ಕಡೆ ದೇವಸ್ಥಾನದಲ್ಲಿ ತೆಂಗಿನಕಾಯಿ, ಬಾಳೆಗೊನೆ ‘ಲಿಲಾವು’ ಮಾಡುತ್ತೇವಲ್ಲ, ಆ ಶಬ್ದ ಹುಟ್ಟಿದ್ದು ಅಲ್ಲಿಂದ. ಮುಂದಿನ ವಾರ ಇದನ್ನು ಮಕ್ಕಳಿಗೆ ಹೇಳಿದೆ. ಕೋಣೆ ಒಂದು ಗಳಿಗೆ ಸುಮ್ಮನಾಯಿತು. ತಮ್ಮ ಬಾಯಲ್ಲಿ ದಿನಾ ಓಡಾಡುವ ಮಾತಿನೊಳಗೇ ಆ ಬೀದಿ ಇದೆ ಅಂತ ಗೊತ್ತಾದಾಗ ಮಕ್ಕಳ ಮುಖ ಹೇಗಾಗುತ್ತದೆ ಅನ್ನುವುದನ್ನು ನೀವು ನೋಡಬೇಕಿತ್ತು. ಇಷ್ಟು ಒಳ್ಳೆಯ ಸರಕು ಕೈಗೆಟಕುವಲ್ಲೇ ಇರುವಾಗ ಸುಳ್ಳು ಹತ್ತಿ ಹೊಲ ಯಾಕೆ ಬೇಕಿತ್ತು?

ಸಣ್ಣಪುಟ್ಟ ತಪ್ಪು ಹುಡುಕಿ ಬೆರಳು ತೋರಿಸುವ ಆಸೆ ನನಗಿಲ್ಲ. ಅದೇ ಕಾದಂಬರಿಯಲ್ಲಿ ಹುಡುಗ ಕತ್ತಲೆಯಲ್ಲಿ ಬೆಂಕಿಕಡ್ಡಿ ಗೀರುತ್ತಾನೆ. ಗೀರಿ ಹಚ್ಚುವ ಕಡ್ಡಿ ಬಂದಿದ್ದು 1820ರ ದಶಕದಲ್ಲಿ. ಅದು ತಪ್ಪು, ಆದರೆ ಮುಂದಿನ ಮುದ್ರಣದಲ್ಲಿ ತಿದ್ದಿದರೆ ಸಾಕು. ಯಾವ ಮಗುವಿಗೂ ಅದರಿಂದ ನೋವಾಗುವುದಿಲ್ಲ. ಹತ್ತಿ ಹೊಲ ಅದಕ್ಕಿಂತ ದೊಡ್ಡ ತಪ್ಪು. ಎಲ್ಲಕ್ಕಿಂತ ದೊಡ್ಡದು ಕೊನೆಯ ಅಧ್ಯಾಯದಲ್ಲಿದೆ. ಯಜಮಾನ ಮನಸ್ಸು ಕರಗಿ ಹುಡುಗನಿಗೆ ಬಿಡುಗಡೆ ಕೊಡುತ್ತಾನೆ. ಹುಡುಗ ಅವನ ಕಾಲು ಹಿಡಿದು, ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಅಳುತ್ತಾನೆ. ಇಬ್ಬರೂ ಅಪ್ಪಿಕೊಳ್ಳುತ್ತಾರೆ. ಕತೆ ಮುಗಿಯುತ್ತದೆ.

ಸಚಿವರೇ, ನನ್ನೆದುರು ಕೂತಿದ್ದ ಮಕ್ಕಳು ಹೇಗೆ ಈ ಊರಿನವರಾದರು? ಅವರ ಹಿರಿಯರಲ್ಲಿ ಎಷ್ಟೋ ಮಂದಿ ಗೋವಾದಿಂದ ಓಡಿ ಬಂದವರು. ಘಟ್ಟ ಹತ್ತಿ, ಹಳಿಯಾಳ, ಯಲ್ಲಾಪುರ, ಅಂಕೋಲಾ ಕಡೆಯ ಕಾಡಿನಲ್ಲಿ ಯಾರೂ ಹುಡುಕಿ ಬಾರದ ಜಾಗ ನೋಡಿ ಗುಡಿಸಲು ಹಾಕಿದವರು. ಆ ಹುಡುಗಿಯ ಮನೆಗೆ ಹೋಗಿದ್ದೆ. ಅವಳ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಹಳೆ ಸೀರೆ ತುಂಡುಗಳ ಕೌದಿ ಹೊಲಿಯುತ್ತಿದ್ದರು. ಕತೆಯ ಕೊನೆ ಹೇಳಿದೆ. ಸೂಜಿ ನಿಲ್ಲಿಸದೆ ಅವರು ಅಂದರು: ‘ನಮ್ಮೋರು ರಾತ್ರಿ ನಡೀತಿದ್ರಂತೆ, ಹಗಲು ಅಡಗಿ ಕೂರ್ತಿದ್ರಂತೆ. ನಮ್ಮಜ್ಜಿ ಹೇಳೋದು. ಅಳ್ತಾ ಕೂತಿದ್ರೆ ನಾವೆಲ್ಲಿ ಇರ್ತಿದ್ವಿ?’

ಆ ಕಾದಂಬರಿ ಈ ಮಕ್ಕಳಿಂದ ಕಿತ್ತುಕೊಂಡಿದ್ದು ಆ ಓಟವನ್ನು. ಅವರ ಹಿರಿಯರು ತಾವೇ ಮಾಡಿದ ಅತಿ ದೊಡ್ಡ ಕೆಲಸ ಅದು. ಅದನ್ನು ಅಳಿಸಿ, ಆ ಜಾಗದಲ್ಲಿ ಯಜಮಾನನ ಒಳ್ಳೆತನವನ್ನು ಇಟ್ಟಿದ್ದಾರೆ.

ಇದು ಕನ್ನಡದಲ್ಲಿ ಮಾತ್ರ ಆಗಿದ್ದಲ್ಲ. 2016ರ ಜನವರಿಯಲ್ಲಿ ಅಮೆರಿಕದ ದೊಡ್ಡ ಪ್ರಕಾಶನ ಸಂಸ್ಥೆಯೊಂದು ತನ್ನದೇ ಮಕ್ಕಳ ಚಿತ್ರಪುಸ್ತಕವನ್ನು ಎರಡು ವಾರದೊಳಗೆ ಅಂಗಡಿಗಳಿಂದ ವಾಪಸ್ ತೆಗೆದುಕೊಂಡಿತು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮನೆಯ ಗುಲಾಮ ಬಾಣಸಿಗ ಹರ್ಕ್ಯುಲಿಸ್, ಮಗಳ ಜೊತೆ ನಗುನಗುತ್ತಾ ಯಜಮಾನನ ಹುಟ್ಟುಹಬ್ಬಕ್ಕೆ ಕೇಕ್ ಮಾಡುವ ಕತೆ ಅದು. ನಿಜವಾದ ಹರ್ಕ್ಯುಲಿಸ್ 1797ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಅವರ ಎಸ್ಟೇಟಿನಿಂದ ತಪ್ಪಿಸಿಕೊಂಡು ಹೋದ. ಮಕ್ಕಳು ಅಲ್ಲೇ ಉಳಿದರು. ಕೆಲವು ವಾರದ ನಂತರ ಅಲ್ಲಿಗೆ ಬಂದ ಫ್ರೆಂಚ್ ಅತಿಥಿಯೊಬ್ಬರ ಕಡೆಯವನು ಹರ್ಕ್ಯುಲಿಸ್‌ನ ಆರು ವರ್ಷದ ಮಗಳನ್ನು, ಅಪ್ಪನನ್ನು ಮತ್ತೆ ನೋಡಲಾಗದ್ದಕ್ಕೆ ಬೇಜಾರಾಗಿದೆಯಾ ಎಂದು ಕೇಳಿದ. ಇಲ್ಲ, ನನಗೆ ತುಂಬಾ ಸಂತೋಷ, ಈಗ ಅಪ್ಪ ಸ್ವತಂತ್ರ ಎಂದಳಂತೆ ಆ ಮಗು. ಆ ಅತಿಥಿ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮುಂದೆ ಅವನು ಫ್ರಾನ್ಸಿನ ರಾಜನಾದ, ಹೆಸರು ಲೂಯಿ ಫಿಲಿಪ್. ಆರು ವರ್ಷದ ಮಗುವಿಗೆ ಗೊತ್ತಿದ್ದ ವಿಷಯವನ್ನು ಇನ್ನೂರು ವರ್ಷದ ನಂತರದ ಮಕ್ಕಳಿಂದ ಮುಚ್ಚಿಡಬೇಕೇ?

ಅಮೆರಿಕದ ಗುಲಾಮಗಿರಿ, ನಮ್ಮ ದಖ್ಖನಿನ ಗುಲಾಮಗಿರಿ ಎರಡನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದೂ ತಪ್ಪೇ. ವರ್ಜೀನಿಯಾದಲ್ಲಿ 1662ರಲ್ಲೇ ಕಾನೂನು ಬಂತು: ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ. ದಖ್ಖನಿನಲ್ಲಿ ಇಥಿಯೋಪಿಯಾದಿಂದ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯವನ್ನೇ ನಡೆಸಿದ, ಮೊಘಲರನ್ನು ವರ್ಷಗಟ್ಟಲೆ ತಡೆದು 1626ರಲ್ಲಿ ತೀರಿಕೊಂಡ. ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ದೊಡ್ಡ ಅಧಿಕಾರ ಇಖ್ಲಾಸ್ ಖಾನ್ ಎಂಬ ಹಬ್ಶಿಯ, ಅಂದರೆ ಆಫ್ರಿಕಾ ಮೂಲದವನ, ಕೈಯಲ್ಲಿತ್ತು. ಆ ಸುಲ್ತಾನನೂ ಇಖ್ಲಾಸ್ ಖಾನನೂ ಒಂದೇ ಆನೆ ಮೇಲೆ ಕೂತ ಚಿತ್ರ ಇಂದಿಗೂ ಇದೆ. ನಮ್ಮ ಮಕ್ಕಳು ಟೂರಿಗೆ ಹೋಗಿ ಗೋಲಗುಮ್ಮಟದಲ್ಲಿ ಕೂಗಿ ಬರುತ್ತಾರೆ. ಅಲ್ಲಿ ಮಲಗಿರುವ ಸುಲ್ತಾನನ ಪಕ್ಕದಲ್ಲಿ ಇಂಥವನೊಬ್ಬನಿದ್ದ ಅಂತ ಸಿದ್ದಿ ಹುಡುಗನಿಗೆ ಯಾವ ಪುಸ್ತಕ ಹೇಳಿದೆ? ಹಾಗಂತ ಎಲ್ಲ ಗುಲಾಮರೂ ಸೇನಾಪತಿಗಳಾದರು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಪಲ್ಲಕ್ಕಿ ಹೊತ್ತವರೇ ಜಾಸ್ತಿ.

ಗುಲಾಮಗಿರಿ ಅಂದ ಕೂಡಲೇ ನಮ್ಮ ಲೇಖಕರ ಮನಸ್ಸು ಆಫ್ರಿಕಾಕ್ಕೆ ಹಾರುವುದೂ ನನಗೆ ಕಳವಳದ ಸಂಗತಿ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕಾನನ್ ಕರಾವಳಿಯಲ್ಲಿ ಸುತ್ತಾಡಿದಾಗ ಭೂಮಿಯ ಒಡೆಯರಿಗೆ ಸೇರಿದ ಆಳುಗಳನ್ನು ಕಂಡು ಬರೆದಿದ್ದಾನೆ. ತಲೆಮಾರುಗಳಿಂದ ಒಡೆಯನ ಮನೆಗೆ ಕಟ್ಟುಬಿದ್ದ ಆಳಿಗೆ ತುಳುನಾಡಿನಲ್ಲಿ ಹೇಳುತ್ತಿದ್ದ ‘ಮೂಲದಾಳು’ ಅನ್ನುವ ಮಾತು ಇನ್ನೂ ಹಿರಿಯರಿಗೆ ನೆನಪಿದೆ. ಗುಲಾಮರ ಮೇಲೆ ಒಡೆಯನಿಗೆ ಹಕ್ಕಿದೆ ಎಂದು ಯಾವ ಕೋರ್ಟೂ ಒಪ್ಪಬಾರದು ಎಂಬ ಕಾಯ್ದೆ ಬಂದಿದ್ದು 1843ರಲ್ಲಿ. ಜೀತ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ, ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಇಷ್ಟು ಹತ್ತಿರದ ಕತೆಯನ್ನು ಬಿಟ್ಟು, ಗುಲಾಮಗಿರಿ ಎಂದರೆ ಬೇರೆಯವರು ಬೇರೆಲ್ಲೋ ಮಾಡಿದ ಪಾಪ ಎಂದು ಮಕ್ಕಳು ತಿಳಿದುಕೊಂಡರೆ ಅದು ಬರೆದ ನಮ್ಮ ತಪ್ಪು.

ಯುದ್ಧದ ಕಾದಂಬರಿಗಳಲ್ಲಿಯೂ ಹೀಗೇ ಆಗುತ್ತದೆ. 1792ರ ಫೆಬ್ರುವರಿ 26ರಂದು ಶ್ರೀರಂಗಪಟ್ಟಣದ ಹೊರಗೆ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒತ್ತೆಯಾಗಿ ತೆಗೆದುಕೊಂಡ. ಒಬ್ಬನಿಗೆ ಹತ್ತು, ಇನ್ನೊಬ್ಬನಿಗೆ ಎಂಟು ವರ್ಷ. ಅವರು ವಾಪಸಾದದ್ದು 1794ರಲ್ಲಿ. ಆ ದೃಶ್ಯವನ್ನು ಲಂಡನ್ನಿನಲ್ಲಿ ಕೂತು ಬರೆದ ಕಲಾವಿದರು, ಭಾರತವನ್ನೇ ನೋಡದ ಮೇದರ್ ಬ್ರೌನ್ ಅಂಥವರು, ಕಾರ್ನ್‌ವಾಲಿಸ್‌ನನ್ನು ಪ್ರೀತಿಯ ತಂದೆಯಂತೆ ಚಿತ್ರಿಸಿದರು. ಎಂಟು ವರ್ಷದ ಹುಡುಗ ಆ ರಾತ್ರಿ ಪರರ ಗುಡಾರದಲ್ಲಿ ಹೇಗೆ ಮಲಗಿದ ಅನ್ನುವುದು ಮಕ್ಕಳ ಕಾದಂಬರಿಗೆ ಎಂಥ ವಸ್ತು! ಆದರೆ ಅದನ್ನು ಬರೆಯುವವರು 1784ನ್ನೂ ಮರೆಯಬಾರದು. ಆ ವರ್ಷ ಟಿಪ್ಪು ಕರಾವಳಿಯ ಕ್ರೈಸ್ತ ಕುಟುಂಬಗಳನ್ನು, ಕೈಗೂಸುಗಳ ಸಮೇತ, ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕುಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ. ಒಂದು ಮಗುವಿನ ಸೆರೆ ಹೇಳಿ ಇನ್ನೊಂದು ಮಗುವಿನ ಸೆರೆ ಬಚ್ಚಿಡುವುದು ಯಾರ ಕೈಯಿಂದಲೂ ಆಗಬಾರದು. ಯಾವ ಪಕ್ಷದವರಿಗೆ ಏನು ಇಷ್ಟ ಅಂತ ನೋಡಿ ಮಕ್ಕಳ ಪುಸ್ತಕ ಬರೆಯಲಾಗದು.

ಕಲ್ಪನೆಯೇ ಬೇಡ ಎನ್ನುತ್ತಿಲ್ಲ. ಸಿದ್ದಿಗಳ ಬಗ್ಗೆ ದಾಖಲೆ ಕಡಿಮೆ, ಓಡಿ ಬಂದವರು ಡೈರಿ ಬರೆದಿಡಲಿಲ್ಲ. ಆ ಖಾಲಿ ಜಾಗ ತುಂಬಲು ಕಾದಂಬರಿಕಾರರೇ ಬೇಕು. ಆದರೆ ಕಲ್ಪನೆ ಇತಿಹಾಸವನ್ನು ಮಗುಚಿ ಹಾಕಬಾರದು. ನಾಜಿ ಶಿಬಿರದ ಬೇಲಿಯ ಬಳಿ ಇಬ್ಬರು ಒಂಬತ್ತು ವರ್ಷದ ಹುಡುಗರು ದಿನಾ ಕೂತು ಹರಟುವ ಇಂಗ್ಲಿಷ್ ಕಾದಂಬರಿಯೊಂದಿದೆ, ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಓದುತ್ತಾರೆ. ಈ ಇತಿಹಾಸ ಕಲಿಯುವವರು, ಕಲಿಸುವವರು ಅದನ್ನು ಓದದಿರುವುದೇ ಒಳ್ಳೆಯದೆಂದು 2020ರಲ್ಲಿ, ಅಂಥದೇ ನಾಜಿ ಶಿಬಿರವಿದ್ದ ಆಶ್ವಿಟ್ಜ್‌ನ ಸ್ಮಾರಕದವರೇ ಹೇಳಿದರು. ಆಶ್ವಿಟ್ಜ್‌ಗೆ ಸುಮಾರು 2,32,000 ಮಕ್ಕಳನ್ನು ಸಾಗಿಸಿದ್ದರು. ಅವರಲ್ಲಿ ಬಹುಪಾಲು ಮಕ್ಕಳನ್ನು ರೈಲಿಳಿದ ದಿನವೇ ಕೊಂದರು. ಬೇಲಿಯ ಬಳಿ ಕೂರಲು ಅವರಿಗೆ ಒಂದು ಸಂಜೆಯೂ ಸಿಗಲಿಲ್ಲ.

ಇನ್ನು ನಿಮ್ಮಿಂದ ಆಗಬೇಕಾದದ್ದು. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇದೆ. 1965ರ ಕಾಯ್ದೆ ತಂದ ಒಳ್ಳೆಯ ವ್ಯವಸ್ಥೆ ಅದು. ಗ್ರಂಥಾಲಯಗಳಿಗೆ ಪುಸ್ತಕಗಳ ಸಗಟು ಖರೀದಿ ಮಾಡುವಾಗ ಪ್ರಕಾಶಕರು ಅರ್ಜಿ ಹಾಕುತ್ತಾರೆ, ಆಯ್ಕೆ ಸಮಿತಿ ನೋಡುತ್ತದೆ. ಆ ಅರ್ಜಿಯಲ್ಲಿ ಪುಟಗಳೆಷ್ಟು, ಬೆಲೆ ಎಷ್ಟು ಎಂದು ಕೇಳಿದ ಹಾಗೆಯೇ, ಐತಿಹಾಸಿಕ ಮಕ್ಕಳ ಕಾದಂಬರಿಯಾಗಿದ್ದರೆ ಇನ್ನೊಂದು ಕೇಳಿ: ಪುಸ್ತಕದ ಕೊನೆಯಲ್ಲಿ, ಇದರಲ್ಲಿ ನಿಜವಾಗಿ ನಡೆದದ್ದು ಯಾವುದು, ನಾನು ಕಲ್ಪಿಸಿದ್ದು ಯಾವುದು ಎಂದು ಲೇಖಕರು ಮಕ್ಕಳಿಗೆ ಅರ್ಥವಾಗುವಂತೆ ಎರಡು ಪುಟ ಬರೆದಿದ್ದಾರೆಯೇ? ಆ ಎರಡು ಪುಟ ಬರೆಯಲು ಕೂತ ಲೇಖಕರಿಗೆ ಹತ್ತಿ ಹೊಲದ ತಪ್ಪು ತಾನೇ ಕಾಣುತ್ತದೆ. ಇಂಥ ಪುಸ್ತಕಗಳನ್ನು ಇತಿಹಾಸ ಬಲ್ಲ ಒಬ್ಬರು ಮತ್ತು ಅದು ಯಾರ ಕತೆಯೋ ಆ ಸಮುದಾಯದ ಒಬ್ಬರು ಮೊದಲು ಓದಲಿ, ಓದಿದ್ದಕ್ಕೆ ಸಂಭಾವನೆಯೂ ಸಿಗಲಿ. ಸಿದ್ದಿಗಳಲ್ಲಿ ಈಗ ಪದವಿ ಪಡೆದವರಿದ್ದಾರೆ, ವಿಧಾನ ಪರಿಷತ್ತಿಗೆ ಹೋದವರಿದ್ದಾರೆ. ಓದುವವರಿಗೇನೂ ಬರವಿಲ್ಲ.

ಪುಸ್ತಕ ನಿಷೇಧಿಸಿ ಎಂದು ಮಾತ್ರ ನಾನು ಕೇಳುವುದಿಲ್ಲ. ನಮ್ಮ ಗ್ರಂಥಾಲಯದ ಆ ಕಾದಂಬರಿಯೂ ಕಪಾಟಿನಲ್ಲೇ ಇದೆ. ಕೊನೆಯ ಪುಟಕ್ಕೆ ಒಂದು ಬಿಳಿ ಹಾಳೆ ಅಂಟಿಸಿದ್ದೇವೆ. ಹಳೆ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ತಿದ್ದುವ ಒಪ್ಪೋಲೆ ಇರುತ್ತಿತ್ತಲ್ಲ, ಹಾಗೆ. ಹುಡುಗಿ ಅದರಲ್ಲಿ ಅಜ್ಜಿ ಹೇಳಿದ್ದನ್ನು ಪೆನ್ನಿನಲ್ಲಿ ಬರೆದಿದ್ದಾಳೆ: ಗೋವಾದಿಂದ ರಾತ್ರಿ ಹೊರಟವರು, ಹಗಲು ಎಲ್ಲಿ ಅಡಗಿದರು, ಯಾವ ಹಳ್ಳ ದಾಟಿದರು. ಹಾಳೆ ಎರಡೂ ಬದಿ ತುಂಬಿದೆ. ಇನ್ನೊಂದು ಹಾಳೆ ಬೇಕು ಅಂತ ಹೋದ ಶನಿವಾರ ಕೇಳಿದಳು.

ಇಂತಿ,
ಯಲ್ಲಾಪುರ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಶಿಕ್ಷಕಿ